ಲಾರಿ ಹತ್ತಿದ ಡೈನರ್

ಅಕ್ಟೋಬರ್ ೧೪, ಮಂಗಳವಾರ

ತಪ್ಪು ನನ್ನದೇ. ಪೆನ್ಸಿಲ್ವೇನಿಯಾದ ನಮ್ಮೂರ ಹೆದ್ದಾರಿ ಬದಿಯ ಹಳೆಯ ಡೈನರ್ ಉಳಿಸಿ ಎಂದು ಪತ್ರಿಕೆಗೆ ಬರೆದವಳು ನಾನು. ಅದನ್ನು ಓದಿದ ಓಹಾಯೋದ ಮ್ಯೂಸಿಯಂನವರು ಡೈನರನ್ನೇ ಕೊಂಡುಕೊಂಡರು. ಇವತ್ತು ಆ ರೈಲು ಡಬ್ಬಿಯಂಥ ಸ್ಟೀಲ್ ಹೋಟೆಲನ್ನು ಇಡಿಯಾಗಿ ಎತ್ತಿ, ಲಾರಿಗೇರಿಸಿ, ನಮ್ಮ ರಾಜ್ಯದಿಂದಲೇ ಸಾಗಿಸಿಬಿಟ್ಟರು.

ಅಲ್ಲಿ ಮೂವತ್ತೊಂದು ವರ್ಷ ಬಡಿಸಿದ ವರ್ನಾ ಏಪ್ರನ್ ಕಟ್ಟಿಕೊಂಡೇ ನೋಡುತ್ತ ನಿಂತಿದ್ದಳು.

"ಚೆನ್ನಾಗೇ ಬರ್ದಿದ್ದೆ ಬಿಡು ಮರೀ. ಹಣ್ಣಿನ ಪೈ ಇಡೋ ಗಾಜಿನ ಕಪಾಟನ್ನೂ ಬಿಡದೆ ಹೊಗಳಿದ್ದೆ. ನನ್ ಬಗ್ಗೇನೂ ಒಂದ್ ಸಾಲು ಬರ್ದಿದ್ರೆ ನನ್ನನ್ನೂ ಲಾರಿ ಹತ್ತಿಸ್ತಿದ್ರೇನೋ!" ಎಂದು ನಕ್ಕಳು.

ಮನೆಗೆ ಬಂದು ಬರೆದದ್ದನ್ನು ಮತ್ತೆ ಓದಿದೆ. ಸ್ಟೂಲುಗಳನ್ನು ಎಣಿಸಿ ಬರೆದಿದ್ದೇನೆ. ಕೇಳಲು ನಾಚುವ ನನಗೆ ಕೇಳದೆಯೇ ದಿನಾ ಕಾಫಿ ತಂದಿಡುತ್ತಿದ್ದವಳ ಹೆಸರು ಎಲ್ಲೂ ಇಲ್ಲ. ನಾಳೆ ಅವಳ ಮನೆಗೆ ಹೋಗಿ ಏನೆಂದು ಕ್ಷಮೆ ಕೇಳಲಿ?