ಉಂಗುರದ ಬೆರಳಿನ ಗೆರೆ

ಮಾರ್ಚ್ 4, ಬೆಳಿಗ್ಗೆ 11
ಮೂರು ಕೈಗವಸು ತುಂಬಿದೆ. ತೆಳು ರಬ್ಬರು, ಬೆರಳಿಗೊಂದು ಕೂದಲೆಳೆಯಂಥ ಕೊಳವೆ. ಸಿರಿಂಜಿನಿಂದ ದ್ರವಲೋಹ ಒತ್ತಿದರೆ ಬೆಳ್ಳಿ ಗೆರೆ ಹರಿಯುತ್ತದೆ. ಪಾರ್ಶ್ವವಾಯು ಆದವರಿಗೆ. ಬೆರಳು ಕಣ್ಣಿಗೆ ಕಾಣದಷ್ಟು ಅಲುಗಿದರೂ ಪರದೆಯಲ್ಲಿ ಅಂಕಿ ಏರುತ್ತದೆ. ತುಂಬಿದ ಮೇಲೆ ದೀಪಕ್ಕೆ ಹಿಡಿದು ನೋಡಬೇಕು — ನಡುವೆ ಗಾಳಿ ನಿಂತರೆ ಗೆರೆ ಕಡಿದ ಹಾಗೆ.

ನಮ್ಮ ಮನೆಯವರು ಹೋಗಿ ನಲವತ್ತು ದಿನ. ಬೆಳಿಗ್ಗೆ ಈಗಲೂ ಎರಡು ಲೋಟ ತೆಗೆದಿಡುತ್ತೇನೆ.

ಮಾರ್ಚ್ 5
ಹಳೇ ಕೈಗವಸು ಐದನ್ನೂ ಕತ್ತರಿಸಿ ಲೋಹ ತೆಗೆಯಲು ಇಂಜಿನಿಯರ್ ಮೇಡಂ ಹೇಳಿದರು. ಹೊಸದಕ್ಕೆ ಬೇಕಂತೆ. ಒಂದು ಇವರದು. ಅವರಿಗೆ ನೆನಪಿಲ್ಲ. ನಾನೂ ಹೇಳಲಿಲ್ಲ.

ಮಾರ್ಚ್ 9
ನಾಲ್ಕು ಮುಗಿಯಿತು. ಇವರದು ಡ್ರಾಯರಿನಲ್ಲಿ.

ನಾನೇ ತುಂಬಿದ್ದು, ಆಸ್ಪತ್ರೆಗೆ ಓಡುವ ಅವಸರದಲ್ಲಿ. ಹಾಕಿದ ದಿನ ನಕ್ಕಿದ್ದರು — ಕೈಗೆ ಬೆಳ್ಳಿ ಬಂತು, ಇನ್ನು ಪಾತ್ರೆ ತೊಳೆಯೋಕೆ ಕರೀಬೇಡ ಅಂತ. ದಿನಾ ಸಂಜೆ ಅಭ್ಯಾಸ. ಐದೂ ಬೆರಳಿಗೆ ಸೊನ್ನೆ.

ಒಂದು ಸಂಜೆ ಅಂದರು, "ಉಂಗುರದ ಬೆರಳು ಅಲ್ಲಾಡ್ತಿದೆ ಕಣೇ. ನಂಗೆ ಒಳಗಡೆ ಗೊತ್ತಾಗ್ತಿದೆ."

"ಯಂತ್ರ ಯಾಕ್ರೀ ಸುಳ್ಳು ಹೇಳುತ್ತೆ?" ಅಂದೆ.

ಮಾರನೆಯ ದಿನದಿಂದ ಕೈ ಚಾಚಲೇ ಇಲ್ಲ. ಮೂರನೇ ವಾರಕ್ಕೆ ಮತ್ತೆ ಪಾರ್ಶ್ವವಾಯು ಹೊಡೆಯಿತು. ಏಳಲಿಲ್ಲ.

ಮಾರ್ಚ್ 17
ಕತ್ತರಿ ಹಾಕುವ ಮೊದಲು ದೀಪಕ್ಕೆ ಹಿಡಿದೆ. ಉಂಗುರದ ಬೆರಳಿನ ಗೆರೆ, ಎರಡನೇ ಗೆಣ್ಣಿನ ಹತ್ತಿರ ಕಡಿದಿದೆ. ಸಾಸಿವೆಯಷ್ಟು ಗಾಳಿ.

ಬೆರಳು ಸತ್ತಿದ್ದರೂ ಸೊನ್ನೆ, ಗೆರೆ ಕಡಿದಿದ್ದರೂ ಸೊನ್ನೆ. ಪರದೆಗೆ ಎರಡೂ ಒಂದೇ.

ಮೇಡಂಗೆ ತೋರಿಸಿದೆ. ತುಂಬ ಹೊತ್ತು ನೋಡಿದರು. ಡ್ರಾಯರಿನಲ್ಲಿ ಇಟ್ಟ ಮೇಲೆ ಗಾಳಿ ಸೇರಿರಬಹುದು ಅಂದರು. ಒಳ್ಳೆಯವರು. ಅವತ್ತು ದೀಪಕ್ಕೆ ಹಿಡಿದಿರಲಿಲ್ಲ ಅಂತ ನನಗೊಬ್ಬಳಿಗೇ ಗೊತ್ತು.

ಮಾರ್ಚ್ 18
ಸೂಜಿ ಚುಚ್ಚಿ ಗಾಳಿ ತೆಗೆದೆ. ಒಂದೇ ನಿಮಿಷದ ಕೆಲಸ. ನನ್ನ ಕೈಗೆ ಹಾಕಿಕೊಂಡು ಉಂಗುರದ ಬೆರಳು ಬಗ್ಗಿಸಿದೆ. ಅಂಕಿ ಏರಿತು.

ಮಾರ್ಚ್ 29
ಇವರದನ್ನು ಕತ್ತರಿಸಿದೆ. ಅದೇ ಲೋಹ ಹೊಸ ಕೈಗವಸಿಗೆ. ಮೂರು ಸಲ ದೀಪಕ್ಕೆ ಹಿಡಿದೆ.

ಮಧ್ಯಾಹ್ನ ಆಸ್ಪತ್ರೆ. ವಯಸ್ಸಾದ ದರ್ಜಿ, ಪಕ್ಕದಲ್ಲಿ ಹೆಂಡತಿ. ಪರದೆಯಲ್ಲಿ ಸೊನ್ನೆ. ಕಿರುಬೆರಳು ಅಲ್ಲಾಡಿತು ಅಂದರು ದರ್ಜಿ. ಇದರಲ್ಲಿ ಬಂದಿಲ್ಲವಲ್ಲ ಅಂದರು ಆಕೆ. ಇಬ್ಬರೂ ನನ್ನ ಮುಖ ನೋಡಿದರು.

ಪರದೆಯನ್ನು ಗೋಡೆ ಕಡೆ ತಿರುಗಿಸಿದೆ. ಅವರ ಕೈಯನ್ನು ನನ್ನ ಎರಡೂ ಕೈಯೊಳಗೆ ಇಟ್ಟುಕೊಂಡೆ.

"ಇನ್ನೊಂದ್ಸಲ ಮಾಡಿ ಅಣ್ಣ," ಅಂದೆ. "ನಿಮಗೆ ಎಲ್ಲಿ ಗೊತ್ತಾಗುತ್ತೆ, ನೀವೇ ಹೇಳಿ. ನಾನು ಕೇಳ್ತಾ ಇದ್ದೀನಿ."

ಅವರ ಕಿರುಬೆರಳಿನ ಮೇಲೆ ನನ್ನ ಬೆರಳಿಟ್ಟು ಕಾದೆ.