ನೀರಿನ ಗೆರೆ

ಶುಕ್ರವಾರ, ಜೂನ್ ೧೪

ಪ್ರೀತಿಯ ಅಕ್ಕ,

ನೀವೆಲ್ಲ ಆರಾಮವಾಗಿದ್ದೀರಿ ಅಂದುಕೊಂಡೇ ಶುರುಮಾಡುತ್ತೇನೆ. ಉತ್ತರ ತಡವಾಯಿತೆಂದು ಬೈಯಬೇಡ. ಎರಡು ಸಲ ಬರೆದು ಹರಿದು ಹಾಕಿದೆ.

ನಮ್ಮ ಪಕ್ಕದ ಜಾಗ ಕೊಳ್ಳುತ್ತೀಯೆಂದು ಓದಿ ಮೊದಲು ಕುಣಿದಾಡುವಷ್ಟು ಖುಷಿಯಾಯಿತು. ಕರಾರಿನ ಪದಗಳು ತಲೆಗೆ ಹೋಗುತ್ತಿಲ್ಲ ಎಂದಿದ್ದೀಯ. ನನಗೂ ಹೋಗಿರಲಿಲ್ಲ, ಇಲ್ಲಿದ್ದು ಕಲಿತೆ. ‘ನೀರಂಚು’ ಎಂದರೆ ನಿನ್ನ ಜಾಗ ಕೆರೆಗೆ ತಾಗುವ ಉದ್ದ. ಬೆಲೆ ಕಟ್ಟುವುದು ಅದಕ್ಕೇ. ‘ನೀರಿನ ಗೆರೆ’ ಎಂದರೆ ಕೆರೆ ತುಂಬಿದಾಗ ನೀರು ಬಂದು ನಿಲ್ಲುವ ಮಟ್ಟ. ನಿನ್ನ ಒಡೆತನ ಅಲ್ಲಿಗೆ ಮುಗಿಯಿತು. ನಾವು ಕೊಂಡಾಗ ಅದು ಬೇಲಿಯಾಚೆ ಎಲ್ಲೋ ಇತ್ತು. ಈಗ ಬೇಲಿ ನೀರೊಳಗಿದೆ. ಬಟ್ಟೆ ಒಣಹಾಕುವ ಕಂಬದ ಬುಡದಲ್ಲಿ ಮೀನುಮರಿಗಳು ಓಡಾಡುತ್ತವೆ. ವಕೀಲರನ್ನು ಕೇಳಿದರೆ, “ಗೆರೆ ಒಳಗೆ ಬಂದ್ರೆ ನಿಮ್ಮ ಜಾಗ ಅಷ್ಟು ಕಮ್ಮಿ ಆದ ಹಾಗೇ ಅಮ್ಮ. ನೀವೇ ಸಹಿ ಹಾಕಿದ್ದೀರಲ್ಲ,” ಎಂದರು.

‘ದಾರಿಯ ಹಕ್ಕು’ ಇನ್ನೊಂದು. ಜಾಗ ಮಾರಿದ ಅಜ್ಜಿ ನಮ್ಮ ಹಿತ್ತಲಿನ ಮೂಲಕ ನೀರಿಗಿಳಿಯುವ ಹಕ್ಕನ್ನು ತಾವು ಬದುಕಿರುವವರೆಗೆ ಉಳಿಸಿಕೊಂಡಿದ್ದಾರೆ. ಪಾಪ, ಕಾಲು ತೊಳೆಯಲೇನೋ ಎಂದುಕೊಂಡಿದ್ದೆ. ಬಂದು ಸುಮ್ಮನೆ ನಿಂತು ನೀರನ್ನೇ ನೋಡುತ್ತಾರೆ. ಮೊನ್ನೆ ಧೈರ್ಯಮಾಡಿ ಯಾಕೆಂದು ಕೇಳಿದೆ.

“ಮಗಳು ಇಲ್ಲೇ ಈಜಕ್ಕೆ ಇಳಿದಿದ್ಲು. ಸ್ವಲ್ಪ ದೂರ ಮೊಣಕಾಲುದ್ದ ನೀರು, ಆಮೇಲೆ ನೆಲಾನೇ ಇಲ್ಲ.”

“ಮೊದಲೇ ಯಾಕೆ ಹೇಳ್ಲಿಲ್ಲ ಅಜ್ಜಿ?”

“ನಿಮ್ಮ ಯಜಮಾನ್ರಿಗೆ ಹೇಳಿದ್ನಲ್ಲ.”

ನಾನು ಇವರನ್ನು ಕೇಳಿದೆ. ಓದುತ್ತಿದ್ದ ಪೇಪರನ್ನೂ ಇಳಿಸಲಿಲ್ಲ. “ಗೊತ್ತಿದ್ರೆ ನೀನು ಇಲ್ಲಿಗೆ ಬರ್ತಿದ್ಯಾ?” ಎಂದರು, ಅಷ್ಟೇ.

ನಿನ್ನ ಕರಾರಿನಲ್ಲಿ ‘ಇದ್ದ ಸ್ಥಿತಿಯಲ್ಲೇ’ ಎಂಬ ಮಾತಿದೆಯೇ ನೋಡು. ಇದ್ದರೆ, ಆಮೇಲೆ ಏನೇ ಗೊತ್ತಾದರೂ ಮಾರಿದವರನ್ನು ಕೇಳುವಂತಿಲ್ಲ. ಸಹಿ ಹಾಕಬೇಡ ಅಕ್ಕ.

ನಿನ್ನ ಅವಳಿ ಮರಿಗಳಿಗೆ ನನ್ನ ಮುತ್ತು, ಸುಖವಾಗಿ ಬೆಳೆಯಲಿ. ಈಜು ಕಲಿಯುತ್ತಿದ್ದಾರಂತೆ. ಕಲಿಯಲಿ, ಇಲ್ಲಿ ಮಾತ್ರ ಬೇಡ.

ಇಂತಿ,
ನಿನ್ನ ತಂಗಿ

ತಾ.ಕ.: ದಲ್ಲಾಳಿ ಕಳಿಸಿದ ಕರಡಿನಲ್ಲಿ ಮಾರುವವರ ಹೆಸರಿನ ಜಾಗ ಖಾಲಿ ಇದೆಯಲ್ಲವೇ? ಆ ಪಕ್ಕದ ಜಾಗವೂ ನಮ್ಮದೇ ಅಕ್ಕ. ಹೋದ ತಿಂಗಳು ಇವರು ಒಂದೇ ಜಾಗವನ್ನು ಎರಡು ಮಾಡಿಸಿ, ಒಂದನ್ನು ಮಾರಾಟಕ್ಕಿಟ್ಟರು. “ತಗೊಳ್ತಿರೋದು ನಮ್ಮಕ್ಕ ಕಣ್ರೀ,” ಎಂದು ಅಂಗಲಾಚಿದೆ. “ಗೊತ್ತು,” ಎಂದರು. “ಪಕ್ಕದಲ್ಲಿ ನೀನಿದ್ದೀಯ ಅಂತಾನೇ ಅವರು ನಂಬಿರೋದು.”