ನಾಳೆಯ ಚೌಕಕ್ಕೆ ಬೀಗ

ಹಳೇ ದಾಂಡೇಲಿ
14 ನವೆಂಬರ್ 2024, ಗುರುವಾರ

ಪ್ರೀತಿಯ ಅಪ್ಪಾ,

ನಿಮ್ಮ ಪೂರ್ಣಿಮಾಳ ನಮಸ್ಕಾರ. ಹೇಗಿದ್ದೀರಿ? ಮುಂಡಗೋಡದ ಕಡೆ ಮುಂಜಾನೆ ಚಳಿ ಬಿದ್ದಿರಬೇಕು. ನಿಮಗೆ ಬೇಗ ಕಫ ಕಟ್ಟುತ್ತದೆ, ಮಫ್ಲರ್ ಇಲ್ಲದೆ ಕಟ್ಟೆಯ ಮೇಲೆ ಕೂಡಬೇಡಿ. ಮೊಣಕಾಲಿಗೆ ಹಚ್ಚುವ ಎಣ್ಣೆ ಮುಗಿದಿದ್ದರೆ ತಿಳಿಸಿರಿ, ತಮ್ಮ ಮಲ್ಲೇಶನ ಕೈಯಲ್ಲಿ ಕಳಿಸುತ್ತೇನೆ. ಕೆಂಚವ್ವತ್ತೆ ರವಿವಾರ ಫೋನ್ ಮಾಡಿದ್ದಳು. “ನಿಮ್ಮಪ್ಪ ಉಣ್ತಾನ, ಮಲಗ್ತಾನ, ಬಾಯಿ ಮಾತ್ರ ಬಿಡೂದಿಲ್ಲ ನೋಡವಾ. ನಾ ಏನ ಗ್ವಾಡಿ ಕೂಡ ಮಾತಾಡ್ಲೇನ? ಬೈಯೂದರ ಬೈಯೋ ತಮ್ಮಾ ಅಂದ್ರ ಅದೂ ಒಲ್ಲ” ಅಂದಳು. ನಾನು ಹೂಂ ಅಂದೆ. ಆಕೆ ಇನ್ನೂ ಸ್ವಲ್ಪ ಹೊತ್ತು ನಿಮ್ಮ ಬಗ್ಗೆ, ತನ್ನ ಎಮ್ಮೆಯ ಬಗ್ಗೆ ಹೇಳಿದಳು. ಅದಕ್ಕೂ ಹೂಂ ಅಂದೆ.

ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ ಎಂದು ನಿಮಗೆ ಗೊತ್ತು. ಈಗ ನೀವೂ ಆಡುವುದಿಲ್ಲ. ಇಬ್ಬರೂ ಫೋನ್ ಹಿಡಿದು ಸುಮ್ಮನೆ ಕೂತರೆ ಏನು ಬಂತು ಎಂದು ಬರೆಯಲು ಕೂತೆ. ನಿಮಗೊಂದು ಮಾತು ಹೇಳುವುದಿದೆ. ಅಲ್ಲಿಗೆ ಬರಲು ನನಗೆ ಸ್ವಲ್ಪ ಹೊತ್ತು ಬೇಕು. ಐದನೆಯ ಇಯತ್ತೆಯ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಅತ್ತೆಯ ಮೊಮ್ಮಗಳ ಕೈಯಲ್ಲಿ ಓದಿಸಬೇಡಿ, ಚಷ್ಮಾ ಹಾಕಿಕೊಂಡು ನೀವೇ ಓದಿರಿ.

ಇಲ್ಲಿ ಎಲ್ಲರೂ ಆರಾಮ. ಮಲ್ಲೇಶನಿಗೆ ಈ ವಾರ ಫಸ್ಟ್ ಶಿಫ್ಟು. ನೀವು ಬಿಟ್ಟುಹೋದ ಊಟದ ಡಬ್ಬಿಯನ್ನೇ ಒಯ್ಯುತ್ತಾನೆ. ಮಿಲ್ಲಿನ ಗೇಟಿನಲ್ಲಿ ಯಾರಾದರೂ ಇದು ಶಂಕ್ರಪ್ಪನ ಡಬ್ಬಿ ಅಲ್ಲವೇ ಎಂದು ಕೇಳುತ್ತಾರಂತೆ. ನಾನೂ ಆರಾಮ. ಆರಾಮ ಅಂದರೆ, ಏನೂ ಅನ್ನಿಸುವುದಿಲ್ಲ. ಅವ್ವ ಹೋದಾಗಲೂ ನನಗೆ ಅಳು ಬರಲಿಲ್ಲ, ಓಣಿಯವರು ಮಾತಾಡಿಕೊಂಡರು. ಮೊನ್ನೆ ಗ್ಯಾಸಿನ ಮೇಲಿನ ಬೋಗಣಿಯನ್ನು ಬರಿಗೈಯಲ್ಲಿ ಇಳಿಸಿದೆ. ಸುಟ್ಟಿದ್ದು ಗೊತ್ತಾದದ್ದು ಪಕ್ಕದ ಮನೆಯ ಮಾಲವ್ವ ನನ್ನ ಕೈ ನೋಡಿದ ಮೇಲೆ. “ಏನ ಹುಡಿಗಿಯವಾ, ಇಕ್ಕಳ ಮಾರಿಕೊಂಡಿಯೇನ?” ಎಂದು ಬೈದು ಅರಿಶಿನ ಹಚ್ಚಿದಳು. ಈಗ ವಾಸಿಯಾಗಿದೆ.

ಒಂದು ಹೊಸ ಸುದ್ದಿ ಇದೆ. ಅವ್ವನಿಗೆ ಬಿ.ಪಿ. ಗುಳಿಗೆ ಕೊಡಲು ಬರುತ್ತಿದ್ದ ಆಶಾ ಕಾರ್ಯಕರ್ತೆ ಸುಮಿತಾ ಅಕ್ಕ ನೆನಪಿದ್ದಾಳಲ್ಲ. ಹೋದ ತಿಂಗಳು ಆಕೆ ನನ್ನನ್ನು ಸಮುದಾಯ ಭವನಕ್ಕೆ ಕರೆದುಕೊಂಡು ಹೋದಳು. ಯಾವುದೋ ಸಂಸ್ಥೆಯವರು ಬಂದಿದ್ದಾರೆ. ಬಿ.ಪಿ., ಶುಗರ್ ಇರುವವರು ದಿನಾ ಗುಳಿಗೆ ತೆಗೆದುಕೊಳ್ಳುವ ರೂಢಿ ತಪ್ಪಬಾರದೆಂದು ಮೊಬೈಲಿನಲ್ಲಿ ಒಂದು ಆ್ಯಪ್ ಮಾಡುತ್ತಿದ್ದಾರೆ. ಅದರಲ್ಲಿ ಒಂದು ಸ್ಕ್ರೀನ್, ಕ್ಯಾಲೆಂಡರ್ ಇದ್ದ ಹಾಗೆ. ದಿನಕ್ಕೊಂದು ಚೌಕ. ಗುಳಿಗೆ ತೆಗೆದುಕೊಂಡ ಮೇಲೆ ಆ ಚೌಕ ಮುಟ್ಟಿದರೆ ರೈಟ್ ಬೀಳುತ್ತದೆ. ಅದರ ಚಿತ್ರ ಬರೆಯುವವಳು ಬೆಳಗಾವಿಯ ಮಧುಮತಿ ಅಂತ, ನನಗಿಂತ ಎರಡು ಮೂರು ವರ್ಷ ದೊಡ್ಡವಳು. ಸುಮಿತಾ ಅಕ್ಕ ತನ್ನ ಮೊಬೈಲಿನಲ್ಲಿ, ಅವ್ವನ ಗುಳಿಗೆಗೆ ನಾನು ರೈಟ್ ಹಾಕುತ್ತಿದ್ದ ನಮ್ಮ ಮನೆಯ ಕ್ಯಾಲೆಂಡರಿನ ಫೋಟೋ ತೋರಿಸಿದಳು. “ಓದಿದವರ ಮನ್ಯಾಗೂ ಹಿಂಗ ಇರೂದಿಲ್ರಿ. ನೋಡ್ರಿ, ಒಂದ ಚೌಕ ಖಾಲಿ ಇಲ್ಲ. ಇಕೀನ ಹಾಕಿದ್ದು” ಅಂದಳು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಕೆಳಗೆ ನೋಡುತ್ತಾ ನಿಂತೆ. ಶಾಲೆಯಲ್ಲಿ ಎದ್ದು ನಿಂತು ಪಾಠ ಹೇಳು ಅಂದಾಗ ನಿಲ್ಲುತ್ತಿದ್ದೆನಲ್ಲ, ಹಾಗೆ. ಅಕ್ಕೋರು ನನ್ನ ಪಾಟಿಯ ಮೇಲೆ ರೈಟ್ ಹಾಕಿದ್ದು ಕಡಿಮೆ, ಅಪ್ಪಾ. ಆ ಶಾಲೆ ಬಿಟ್ಟ ಎಷ್ಟೋ ವರ್ಷಗಳ ಮೇಲೆ, ಅವ್ವನ ಕ್ಯಾಲೆಂಡರ್ ನೋಡಿ ಸುಮಿತಾ ಅಕ್ಕ ಪ್ರತಿ ಶನಿವಾರ ಶಹಬ್ಬಾಸ್ ಅನ್ನುತ್ತಿದ್ದಳು. ನನಗೆ ಅದು ಬಹಳ ರುಚಿ ಹತ್ತಿತ್ತು.

ಈಗ ವಾರಕ್ಕೆರಡು ದಿನ, ಮೌಳಂಗಿಯ ರೆಸಾರ್ಟಿನಲ್ಲಿ ಅಡುಗೆಮನೆ ಕೆಲಸ ಮುಗಿಸಿ ಮಧ್ಯಾಹ್ನ ಅಲ್ಲಿಗೆ ಹೋಗುತ್ತೇನೆ. ಮಧುಮತಿ ಲ್ಯಾಪ್‌ಟಾಪಿನಲ್ಲಿ ಬರೆದು ತೋರಿಸುತ್ತಾಳೆ, ನಾನು ತಿಳಿದಷ್ಟು ಹೇಳುತ್ತೇನೆ. ಮೊದಲು ಅದರಲ್ಲಿ “ಔಷಧ ಸೇವನೆಯನ್ನು ದಾಖಲಿಸಿ” ಎಂದಿತ್ತು. ನಾನು “ಗುಳಗಿ ತಗೊಂಡ್ರೇನ್ರಿ” ಅಂತ ಕೇಳಿದರೆ ಸಾಕಲ್ಲ ಅಂದೆ. ಹಾಗೇ ಬರೆದಳು. ಗುಳಿಗೆಯ ಚಿತ್ರವನ್ನು ಮಾಲವ್ವನಿಗೆ ತೋರಿಸಿದೆವು. “ಇದೇನ, ಹುಣಸಿ ಬೀಜಾನ?” ಅಂದಳು. ಮಧುಮತಿ ಅದನ್ನು ಮೂರು ಸಲ ಬರೆದಳು, ಮೂರನೆಯದಕ್ಕೆ ಮಾಲವ್ವ “ಈಗ ಪುಠಾಣಿ ಆತ ನೋಡ” ಅಂದಳು. ಕಡೆಗೆ ಗುಳಿಗೆಯ ಶೀಟನ್ನೇ ಬರೆದಳು, ಅದು ಎಲ್ಲರಿಗೂ ತಿಳಿಯಿತು. ಆಮೇಲೆ ನಿಮ್ಮ ಶಿಫ್ಟಿನ ದುಂಡೇಶ ಕಾಕಾನನ್ನು ಕರೆಸಿದ್ದರು. ಸ್ಕ್ರೀನಿನಲ್ಲಿ ರಾತ್ರಿ ಹನ್ನೆರಡಕ್ಕೆ ದಿನ ಬದಲಾಗುತ್ತದೆ. ಕಾಕಾ ನೈಟ್ ಶಿಫ್ಟಿನಲ್ಲಿ ಬುತ್ತಿ ಬಿಚ್ಚುವುದೇ ಹನ್ನೆರಡರ ಮೇಲೆ, ಗುಳಿಗೆ ಆಮೇಲೆ. ಇವತ್ತಿನದು ನಾಳೆಯ ಲೆಕ್ಕಕ್ಕೆ ಬಿತ್ತು. “ನಿಮ್ಮ ದಿನ ಗಡಿಯಾರ ನೋಡಿ ಮುಗೀತೈತಿ ತಂಗೀ, ನಮ್ಮದು ಮಿಲ್ಲಿನ ಭೋಂಗಾ ಕೇಳಿ” ಎಂದು ನಕ್ಕ. ನೀವಿದ್ದಿದ್ದರೆ ನೀವೂ ಹೀಗೆಯೇ ಹೇಳುತ್ತಿದ್ದಿರಿ. ಈಗ ಶಿಫ್ಟಿನವರಿಗೆ ದಿನ ಮುಂಜಾನೆ ಆರಕ್ಕೆ ಬದಲಾಗುವ ಹಾಗೆ ಮಾಡುತ್ತಿದ್ದಾರೆ.

ಅದರಲ್ಲಿ ಇನ್ನೊಂದು ಇತ್ತು. ಏಳು ದಿನ ಬಿಡದೆ ರೈಟ್ ಬಿದ್ದರೆ ಸ್ಕ್ರೀನಿನ ತುಂಬ ಹೂವು ಉದುರುತ್ತಿದ್ದವು, ಡೊಳ್ಳಿನ ಸಪ್ಪಳ ಬರುತ್ತಿತ್ತು. ಒಂದು ದಿನ ತಪ್ಪಿದರೆ ಎಲ್ಲ ಅಳಿಸಿ ಮತ್ತೆ ಒಂದರಿಂದ ಶುರು. ಮಧುಮತಿಗೆ ಅದರ ಮೇಲೆ ಬಹಳ ಪ್ರೀತಿ, ನಾಲ್ಕು ದಿನ ಕೂತು ಮಾಡಿದ್ದಳು. ನಾನು ನೋಡಿ ಲ್ಯಾಪ್‌ಟಾಪನ್ನು ಆಕೆಯ ಕಡೆ ಸರಿಸಿದೆ. “ಯಾಕ, ಚೊಲೋ ಇಲ್ಲೇನ?” ಎಂದು ಆಕೆಯೇ ಕೇಳಿದಳು. “ತಗೀರಿ ಇದನ್ನ. ಹೂವು ಬೀಳೂದಿದ್ರ ಜನ ಹೂವಿನ ಸಲುವಾಗಿ ರೈಟ್ ಹಾಕ್ತಾರ, ಗುಳಗಿ ಮರೀತಾರ” ಅಂದೆ. ಅಷ್ಟು ಉದ್ದ ಮಾತು ನಾನು ಅಲ್ಲಿ ಆಡಿದ್ದು ಅದೇ ಮೊದಲು. ಆಮೇಲೆ, ನಾಳೆಯ ಚೌಕ ಇವತ್ತು ತೆರೆಯಬಾರದು, ಎಷ್ಟು ಒತ್ತಿದರೂ ತೆರೆಯಬಾರದು, ಅದಕ್ಕೊಂದು ಬೀಗ ಹಾಕಿರಿ ಅಂದೆ. ಖಾಲಿ ಉಳಿದ ಚೌಕ ಕೆಂಪಾಗುವುದೂ ಬೇಡ, ಖಾಲಿಯೇ ಇರಲಿ, ಖಾಲಿ ಇದ್ದರೆ ಯಾರಾದರೂ ಕೇಳುತ್ತಾರೆ ಅಂದೆ. ಮಧುಮತಿ ನನ್ನ ಮುಖ ನೋಡಿದಳು. “ಅಗದೀ ಬರೋಬ್ಬರಿ ಹೇಳಿದಿ. ಇದ ನನಗ ಹೊಳೀಲೇ ಇಲ್ಲ. ನಿನಗ ಹೆಂಗ ಹೊಳೀತು?” ಅಂದಳು. ನಾನು ಚಹದ ಕಪ್ಪು ತೊಳೆಯಲು ಎದ್ದು ಹೋದೆ. ಮುಂದಿನ ಸಲ ಹೋಗಿ ನೋಡಿದರೆ ನಾಳೆಯ ಚೌಕದ ಮೇಲೆ ಒಂದು ಸಣ್ಣ ಬೀಗ ಬರೆದಿದ್ದಳು. ನಾನು ಅದನ್ನು ಒತ್ತಿದೆ, ತೆರೆಯಲಿಲ್ಲ. ಮತ್ತೆ ಒತ್ತಿದೆ. ಎಷ್ಟು ಸಲ ಒತ್ತಿದೆನೋ ನೆನಪಿಲ್ಲ, ಮಧುಮತಿ ನನ್ನ ಕೈ ಹಿಡಿದು ಬದಿಗಿಟ್ಟಳು.

ಅಪ್ಪಾ, ಮೇ ಇಪ್ಪತ್ತೆರಡರ ದಿನ, ಅವ್ವ ಬಿದ್ದ ಸುದ್ದಿ ಕೇಳಿ ನಾನು ಕೆಲಸದಿಂದ ಓಡಿಬಂದು ಆಸ್ಪತ್ರೆಯಲ್ಲಿ ನಿಮ್ಮ ಹಿಂದೆಯೇ ನಿಂತಿದ್ದೆ. ಡಾಕ್ಟರು ಗುಳಿಗೆ ತಪ್ಪಿತ್ತೇನು ಎಂದು ಕೇಳಿದರು. “ಇಲ್ರಿ ಸಾಹೇಬ್ರ, ಒಂದ ದಿನಾನೂ ತಪ್ಪಿಲ್ರಿ. ಮಗಳು ದಿನಾ ರೈಟ್ ಹಾಕ್ಯಾಳ್ರಿ” ಅಂದಿರಿ. ಹಾಗಾದರೆ ಮನೆಯಲ್ಲಿ ಏನಾದರೂ ಗದ್ದಲವಾಗಿತ್ತೇ ಎಂದು ಕೇಳಿದರು. ನೈಟ್ ಶಿಫ್ಟು ಮುಗಿಸಿ ಬಂದಾಗ ಅವ್ವ ರೊಟ್ಟಿಯ ಜೊತೆ ಉಪ್ಪಿನಕಾಯಿ ಹಚ್ಚಿಕೊಂಡು ತಿನ್ನುತ್ತಿದ್ದದ್ದು, ಡಾಕ್ಟರು ಬೇಡವೆಂದರೂ ತಿನ್ನುತ್ತೀಯಾ ಎಂದು ನೀವು ಬೈದದ್ದು, “ಸಾಯೂದಿದ್ರ ಸಾಯಿ” ಅಂದು ಹೋಗಿ ಮಲಗಿದ್ದು, ಒಗೆಯುವ ಕಲ್ಲಿನ ಹತ್ತಿರ ಅವ್ವ ಬಿದ್ದದ್ದು, ಎಲ್ಲ ಹೇಳಿದಿರಿ. ಆಮೇಲೆ “ನನ್ನ ನಾಲಗೀನ ಆಕೀನ್ನ ತಿಂತು” ಅಂದಿರಿ. ಅಂದಿನಿಂದ ನಿಮ್ಮ ಮಾತು ನಿಂತಿತು. ಜುಲೈಯಲ್ಲಿ ರಿಟೈರ್ ಆದಾಗ ಹಾರ ಹಾಕಿಸಿಕೊಂಡೂ ಒಂದು ಮಾತು ಆಡಲಿಲ್ಲ ಎಂದು ದುಂಡೇಶ ಕಾಕಾ ಹೇಳಿದ. ಮರುದಿನವೇ ಅತ್ತೆಯ ಊರಿಗೆ ಹೊರಟಿರಿ. ಬಸ್ ನಿಲ್ದಾಣದವರೆಗೆ ಚೀಲ ಹಿಡಿದು ಬಂದೆ. ಅಲ್ಲಿಯೂ ನಾನು ಏನೂ ಹೇಳಲಿಲ್ಲ.

ಡ್ಯೂಟಿಗೆ ಹೊತ್ತಾಯಿತು, ನಿಲ್ಲಿಸುತ್ತೇನೆ. ಅತ್ತೆಗೆ ನಮಸ್ಕಾರ ತಿಳಿಸಿರಿ. ಆಕೆಯ ಎಮ್ಮೆ ಕರು ಹಾಕಿತೇ ಎಂದು ಮಲ್ಲೇಶ ಕೇಳಿದ್ದಾನೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ.

ನಿಮ್ಮ ಮಗಳು
ಪೂರ್ಣಿಮಾ

ತಾ.ಕ.: ಇಷ್ಟು ಬರೆದೂ ಹೇಳಬೇಕಾದದ್ದು ಒಳಗೇ ಉಳಿಯಿತು. ಮೇ ತಿಂಗಳಲ್ಲಿ ರೆಸಾರ್ಟಿನಲ್ಲಿ ಸೀಜನ್ ಎಂದು ನಾನು ಐದೂವರೆಗೇ ಹೊರಡುತ್ತಿದ್ದೆ, ಅವ್ವ ಗುಳಿಗೆ ತೆಗೆದುಕೊಳ್ಳಬೇಕಾದದ್ದು ನಾಷ್ಟಾ ಆದ ಮೇಲೆ. ಗಡಿಬಿಡಿಯಲ್ಲಿ ಚೌಕ ಖಾಲಿ ಉಳಿಯಬಾರದೆಂದು ಹಿಂದಿನ ಸಂಜೆಯೇ ಮರುದಿನದ್ದಕ್ಕೆ ರೈಟ್ ಹಾಕಿಡುತ್ತಿದ್ದೆ. ಒಂದು ದಿನ ಬೇಗ ಬಂದಾಗ, ಅವ್ವ ಅಂದಿನ ಅಂಕಿಯ ಮೇಲೆ ಬೆರಳಿಟ್ಟು “ರೈಟ್ ಬಿದ್ದೈತಿ, ಹಂಗಾರ ನಾ ತಗೊಂಡೇನಿ” ಅನ್ನುವುದನ್ನು ಬಾಗಿಲಲ್ಲಿ ನಿಂತು ಕೇಳಿದೆ. ಆಕೆಗೆ ಮರೆವು ಎಂದು ನನಗೆ ಗೊತ್ತಿತ್ತು. ಆದರೂ ಆ ಸಂಜೆ ಮತ್ತೆ ಹಾಕಿದೆ, ಶನಿವಾರ ಸುಮಿತಾ ಅಕ್ಕ ಬರುವವಳಿದ್ದಳು. ಅವ್ವ ಬಿದ್ದ ದಿನ ಶೀಟಿನಲ್ಲಿ ಎಂಟು ಗುಳಿಗೆ ಉಳಿದಿರಬೇಕಿತ್ತು, ಹದಿನೈದು ಇದ್ದವು. ಆ ಶೀಟು ಇನ್ನೂ ನನ್ನ ಹತ್ತಿರ ಇದೆ. ನಿಮ್ಮ ನಾಲಗೆಯಿಂದ ಆದದ್ದಲ್ಲ, ಅಪ್ಪಾ. ರವಿವಾರ ನಾನು ಮನೆಯಲ್ಲೇ ಇರುತ್ತೇನೆ. ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಬೈಯಿರಿ. ಅತ್ತೆಗೂ ಕೇಳಿಸುವ ಹಾಗೆ ಜೋರಾಗಿ ಬೈಯಿರಿ.